ಗಾಯಕ್ಕೆ ಕಾರಣ

ನಮ್ಮ ಮೊದಲ ಜಗಳ ನಡೆದದ್ದು ಹೆಣಗಳ ವಿಷಯಕ್ಕೆ.

"ಹದಿನೇಳು ಜನರನ್ನ ಕೊಂದ," ಎಂದೆ ನಾನು.

"ಹದಿನಾರು. ಕೊನೆಯವನಿಗೆ ಹೀರೋ ಕೈಯನ್ನೇ ತಾಗಿಸ್ಲಿಲ್ಲ ಸಿಸ್ಟರ್. ಅವನು ಹೆದರಿ ತಾನೇ ಬಿದ್ದ."

"ಬಿದ್ದವನ ತಲೆ ಕಲ್ಲಿಗೆ ಬಡಿದು ಒಡೀತಲ್ಲ? ಅವನು ಯಾರ ಲೆಕ್ಕಕ್ಕೆ?"

"ಕಲ್ಲಿನ ಲೆಕ್ಕಕ್ಕೆ."

ಹೇಳಿ, ಟೀ ಲೋಟದ ಅಂಚಿನ ಮೇಲಿಂದ ನನ್ನನ್ನು ನೋಡಿದ. ಅವನಿಗೆ ನಗು ಮೊದಲು ಕಣ್ಣಿನ ಬದಿಗೆ ಬರುತ್ತದೆ, ಬಾಯಿಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಸ್ವಲ್ಪ ಹೊತ್ತಿನಲ್ಲೇ ನನ್ನ ಕೆಲಸ ಕೆಟ್ಟಿತು.

ಅವನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಎಲ್ಲರ ಬಾಯಲ್ಲೂ ಅವನು ಎಕ್ಸ್‌ರೇ. ನಾನು ಕ್ಯಾಶುಯಲ್ಟಿಯ ನರ್ಸ್. ಒಡೆದ ತಲೆ, ಮುರಿದ ಕಾಲು ಮೊದಲು ನನ್ನ ಕೈಗೆ ಬರುತ್ತವೆ, ನಾನು ರಕ್ತ ಒರೆಸಿ ಅವನ ಕೋಣೆಗೆ ಕಳಿಸುತ್ತೇನೆ. ಭಾನುವಾರ ಅವನು ಅವನ ಮನೆಯಲ್ಲಿ, ನಾನು ನಮ್ಮ ಮನೆಯಲ್ಲಿ ಒಂದೇ ಸಿನಿಮಾ ನೋಡುತ್ತಿದ್ದೆವು. ಸೋಮವಾರ ಹನ್ನೊಂದು ಗಂಟೆಗೆ ಅವನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಅದರ ಮರಣೋತ್ತರ ಪರೀಕ್ಷೆ ಮಾಡುತ್ತಿದ್ದೆವು.

ನಮ್ಮದು ವೃತ್ತಿಯವರ ವಿಮರ್ಶೆ. ಕಥೆ ಏನಾದರೂ ಆಗಲಿ, ಹೀರೋಗೆ ಎಲ್ಲೆಲ್ಲಿ ಮುರಿಯಿತು ಎಂದು ಮೊದಲು ನೋಡಬೇಕು.

"ಪಕ್ಕೆಲುಬು ಮೂರು, ದವಡೆ ಒಂದು, ಎಡ ಮಂಡಿ ಪೂರ್ತಿ ಪುಡಿ," ಎನ್ನುತ್ತಿದ್ದ ಅವನು.

"ಎಷ್ಟು ವಾರ ಮಲಗಬೇಕು?"

"ಎಂಟು. ಅವನು ಎಂಟು ನಿಮಿಷಕ್ಕೆ ಎದ್ದು ಹಾಡಿಗೆ ಕುಣಿದ. ನಮ್ಮ ರೋಗಿಗಳಿಗೆ ಈ ಸಿನಿಮಾ ತೋರಿಸಬಾರದು, ಬಿಲ್ಲು ಕೊಡಲ್ಲ ಅಂತಾರೆ."

ಅವನ ಅಮ್ಮನಿಗೆ ಪ್ರೀತಿ ಪ್ರೇಮದ ಸಿನಿಮಾ ಬೇಕು. ಮಗ ಕತ್ತಿ ಕೊಡಲಿಯದ್ದು ಹಾಕಿದರೆ ಸೋಫಾದ ಮೇಲೇ ನಿದ್ದೆ ಹೋಗುತ್ತಾರಂತೆ. "ಮೊನ್ನೆ ನಡುವೆ ಎದ್ದು ‘ಮದುವೆ ಆಯ್ತೇನೋ?’ ಅಂದ್ರು ಸಿಸ್ಟರ್. ಆಗ ಒಬ್ಬನ ಹೊಟ್ಟೆಗೆ ಈಟಿ ಹೋಗ್ತಾ ಇತ್ತು. ಇನ್ನೇನು ಆಗೋದ್ರಲ್ಲಿದೆ, ಮಲಕ್ಕೋ ಅಂದೆ."

ನಾನು ನಕ್ಕು ಟೀ ಚೆಲ್ಲಿಕೊಂಡೆ. ಅವನು ಜೇಬಿನಿಂದ ಕರವಸ್ತ್ರ ತೆಗೆದು ಕೊಡಲೋ ಬೇಡವೋ ಎಂದು ಅರ್ಧ ಚಾಚಿದ. ಎಂಥ ಹೆದರುಪುಕ್ಕಲ ಇವನು ಎಂದುಕೊಂಡೆ. ಪ್ರೀತಿ ಇದೆ ಎಂದು ಇಡೀ ಆಸ್ಪತ್ರೆಗೆ ಗೊತ್ತು, ಬಾಯಿ ಬಿಟ್ಟರೆ ಮಾತ್ರ ಸಿಸ್ಟರ್!

ನನಗೆ ಯಾಕೆ ಹೊಡೆದಾಟದ ಸಿನಿಮಾ ಇಷ್ಟ ಎಂದು ಅವನು ಒಮ್ಮೆ ಕೇಳಿದ್ದ. ಟೈಂಪಾಸ್ ಎಂದಿದ್ದೆ. ಅದು ಸುಳ್ಳು.

ನನ್ನ ಅಣ್ಣ ನನ್ನನ್ನು ಹೊಡೆಯುತ್ತಿದ್ದ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವನು, ನರ್ಸಿಂಗ್ ಓದಿಸಿದವನು, ಟೈರ್ ಅಂಗಡಿಯವನು. ಬೀದಿಯಲ್ಲಿ ಯಾರ ಗಾಡಿ ಕೆಟ್ಟರೂ ಓಡುತ್ತಾನೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಮಾಡಿದವರು ನಮ್ಮ ಮನೆಯ ಕಿಟಕಿಯಲ್ಲಿ ಇಣುಕಿ ನೋಡಿರಬೇಕು. ಅನ್ನ ಆರಿತ್ತು, ಬಾಗಿಲು ತೆರೆಯಲು ತಡವಾಯಿತು, ನಗು ಜೋರಾಯಿತು. ಕಾರಣಕ್ಕೆ ಬರವಿರಲಿಲ್ಲ. ಮುಖಕ್ಕೆ ಮಾತ್ರ ಹೊಡೆಯುತ್ತಿರಲಿಲ್ಲ. ಮರ್ಯಾದಸ್ಥ.

ಹಾಗಾಗಿ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಫೋನಿನಲ್ಲಿ ಸಿನಿಮಾ ನೋಡುತ್ತಿದ್ದೆ. ಒಂದು ಕಿವಿ ಸಿನಿಮಾಕ್ಕೆ, ಇನ್ನೊಂದು ಅಣ್ಣನ ಹೆಜ್ಜೆಗೆ. ಪರದೆಯ ಮೇಲೆ ಏಟು ತಿಂದವರು ಎದ್ದು ನಿಲ್ಲುತ್ತಿದ್ದರು, ತಿರುಗಿ ಹೊಡೆಯುತ್ತಿದ್ದರು. ಅದೊಂದನ್ನು ನೋಡಲಿಕ್ಕೆ ಎರಡೂವರೆ ಗಂಟೆ ಕೂರುತ್ತಿದ್ದೆ.

ಇದು ಎಕ್ಸ್‌ರೇಗೆ ಗೊತ್ತಾಗಬಾರದು ಎನ್ನುವುದು ನನ್ನ ಹಟ. ಆ ಬೆಂಚಿನ ಮೇಲೆ ನಾನು ಏಟುಗಳನ್ನು ಕಂಡು ನಗುವ ಹೆಂಗಸು. ಗೊತ್ತಾದ ಮರುದಿನವೇ ಅವನ ಕಣ್ಣಲ್ಲಿ ನಗುವಿನ ಜಾಗಕ್ಕೆ ಅಯ್ಯೋ ಪಾಪ ಬಂದು ಕೂರುತ್ತದೆ. ಮೈಮೇಲಿನ ಬಾಸುಂಡೆ ತಡೆದುಕೊಂಡಿದ್ದೆ, ಅದನ್ನು ತಡೆಯುವ ಶಕ್ತಿ ನನಗಿರಲಿಲ್ಲ.

ಒಂದು ಭಾನುವಾರ ಸಂಜೆ ಅವನ ಮೆಸೇಜ್ ಬಂತು. "ಕೆನ್ನೆಗೆ ಹೊಡೆದವನನ್ನೇ ಹೀರೋಯಿನ್ ಮದುವೆಯಾದಳು. ಟಿಕೆಟ್ ದುಡ್ಡು ವಾಪಸ್ ಕೇಳೋಣ ಅಂದ್ರೆ ಮನೇಲೇ ನೋಡಿದ್ದು. ಯಾರನ್ನ ಕೇಳಲಿ?"

ನಾನು ನಕ್ಕೆ. ಜೋರಾಗಿಯೇ ನಕ್ಕಿರಬೇಕು.

"ಯಾರದು?" ಅಣ್ಣ ಬಾಗಿಲಲ್ಲಿದ್ದ. ಕೈಯಲ್ಲಿ ಟೈರ್ ಬಿಚ್ಚುವ ಕಬ್ಬಿಣದ ಪಟ್ಟಿ ಇತ್ತು.

"ಕೆಲಸದವರು."

"ಕೆಲಸದವರ ಹತ್ರ ಹಲ್ಲು ಕಿರೀತೀಯಾ?"

ಫೋನು ಗೋಡೆಗೆ ಬಡಿದು ಒಡೆಯಿತು. ಪಟ್ಟಿ ಮೇಲೆದ್ದಿತು. ನಾನು ಎಡಗೈಯನ್ನು ಮುಖಕ್ಕೆ ಅಡ್ಡ ಹಿಡಿದೆ. ಟಕ್ ಎಂದಿತು. ಸಿನಿಮಾದವರು ಈ ಸದ್ದನ್ನು ಒಮ್ಮೆಯೂ ಸರಿಯಾಗಿ ಕೇಳಿಸಿಲ್ಲ. ಅವರು ಡೋಲು ಬಾರಿಸುತ್ತಾರೆ. ನಿಜದ್ದು ಬಹಳ ಸಣ್ಣದು, ಪೆನ್ಸಿಲ್ ಮುರಿದಷ್ಟು.

ಬೆಳಿಗ್ಗೆ ಡಾಕ್ಟರಮ್ಮನಿಗೆ ಬಚ್ಚಲಲ್ಲಿ ಜಾರಿದೆ ಎಂದೆ. ಅವರು ಎಕ್ಸ್‌ರೇಗೆ ಬರೆದುಕೊಟ್ಟರು.

ಅವನು ನನ್ನ ಕೈಯನ್ನು ಎರಡೂ ಅಂಗೈಗಳಲ್ಲಿ ಹಿಡಿದು ಹಲಗೆಯ ಮೇಲಿಟ್ಟ. ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಎಷ್ಟು ಸಲ ಬೇರೆ ಬೇರೆ ರೀತಿ ಕಲ್ಪಿಸಿಕೊಂಡಿದ್ದೆ! ಆಮೇಲೆ ಕಂಪ್ಯೂಟರ್ ಮುಂದೆ ಕೂತವನು ಬಹಳ ಹೊತ್ತು ಏಳಲಿಲ್ಲ.

"ಬಚ್ಚಲಲ್ಲಿ ಬಿದ್ದೋರು ಅಂಗೈ ಊರ್ತಾರೆ ಸಿಸ್ಟರ್. ಮಣಿಕಟ್ಟು ಮುರಿಯುತ್ತೆ. ಇದು ಮುಂಗೈ ನಡುವೆ ಮುರಿದಿದೆ." ತನ್ನ ಕೈಯನ್ನು ಮುಖಕ್ಕೆ ಅಡ್ಡ ಎತ್ತಿದ. "ಹೀಗೆ ಹಿಡಿದಾಗ. ಪಕ್ಕದಲ್ಲೇ ಇನ್ನೊಂದಿದೆ. ಹಳೇದು, ಕೂಡಿಕೊಂಡಿದೆ."

"ಫೋಟೋ ತೆಗೆಯೋರು ನೀವು. ತೆಗೀರಿ, ಕೊಡಿ. ಓದೋಕೆ ಡಾಕ್ಟರಿದ್ದಾರೆ."

"ಮನೇಲಿ ನೀವೂ ಅಣ್ಣನೂ ಇಬ್ಬರೇ ಅಲ್ವಾ?"

"ಸಿನಿಮಾ ಜಾಸ್ತಿ ನೋಡ್ತೀರಿ," ಎಂದು ಎದ್ದು ಬಂದೆ. ಹನ್ನೊಂದು ಗಂಟೆಗೆ ಬೆಂಚಿನ ಕಡೆ ಹೋಗಲಿಲ್ಲ. ಮುಗಿಯಿತು ಎಂದುಕೊಂಡೆ. ಸ್ಟೋರ್ ರೂಮಿನಲ್ಲಿ ಹತ್ತಿಯ ಕಟ್ಟುಗಳ ಹಿಂದೆ ನಿಂತು ಅತ್ತೆ.

ಪ್ಲಾಸ್ಟರ್ ಹಾಕಿದ ಕೈಯಲ್ಲಿ ಡ್ರೆಸ್ಸಿಂಗ್ ಮಾಡಲಾಗದು. ನನ್ನನ್ನು ಬಾಗಿಲ ಬಳಿಯ ಮೇಜಿಗೆ ಹಾಕಿದರು. ಬಂದವರ ಹೆಸರು, ವಯಸ್ಸು, ಗಾಯಕ್ಕೆ ಕಾರಣ ಬರೆಯುವ ಕೆಲಸ. ಮೇಜಿನ ಮೇಲೆ ಎರಡು ಪುಸ್ತಕಗಳಿರುತ್ತವೆ. ಬಿದ್ದವರದು, ಸುಟ್ಟುಕೊಂಡವರದು ನೀಲಿಯಲ್ಲಿ. ಯಾರಾದರೂ ಹೊಡೆದದ್ದಾದರೆ ಕೆಂಪು ಪುಸ್ತಕ, ಅದರ ಒಂದು ಹಾಳೆ ಪೊಲೀಸರಿಗೆ ಹೋಗುತ್ತದೆ. ಸೋಮವಾರ ನನ್ನ ಕೈ ನೀಲಿಗೆ ಹೋಗಿತ್ತು.

ಗುರುವಾರ ಮಧ್ಯಾಹ್ನ ಇಬ್ಬರು ಒಬ್ಬನನ್ನು ಹೆಗಲಿಗೆ ಆನಿಸಿಕೊಂಡು ತಂದು ನನ್ನ ಮೇಜಿನ ಪಕ್ಕದ ಸ್ಟ್ರೆಚರ್ ಮೇಲೆ ಮಲಗಿಸಿದರು. ಹುಬ್ಬು ಸೀಳಿತ್ತು, ಮೂಗು ಒಂದು ಕಡೆಗೆ ವಾಲಿತ್ತು, ಅಂಗಿ ಕೊರಳಪಟ್ಟಿಯಿಂದ ಹೊಟ್ಟೆಯವರೆಗೆ ರಕ್ತ. ಉಸಿರು ಎಳೆದಾಗಲೆಲ್ಲ ಬಲಪಕ್ಕೆ ಹಿಡಿದು ನರಳುತ್ತಿದ್ದ. ಒರೆಸದೆ ಮುಖ ಗುರುತಾಗುವಂತಿರಲಿಲ್ಲ. ನನಗೆ ಗುರುತಾಯಿತು.

ತೆರೆದಿದ್ದ ನೀಲಿ ಪುಸ್ತಕದ ಮೇಲೆ ಪೆನ್ನು ಇಟ್ಟೆ. "ಗಾಯಕ್ಕೆ ಕಾರಣ?"

"ಮೆಟ್ಟಿಲಿಂದ ಬಿದ್ದೆ," ಎಂದ ಎಕ್ಸ್‌ರೇ.

ನನ್ನ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷ ಬಾಯಿಪಾಠ ಮಾಡಿಕೊಂಡ ಸುಳ್ಳು ಅದು. ಅದನ್ನು ಅವನ ಹರಿದ ತುಟಿಯಿಂದ ಕೇಳಬೇಕಾಯಿತು.

"ಎಲ್ಲಿಗೆ ಹೋಗಿದ್ದೆ?" ಬಹುವಚನ ಎಲ್ಲಿ ಬಿದ್ದುಹೋಯಿತೋ ತಿಳಿಯಲಿಲ್ಲ. "ನಮ್ಮಣ್ಣನ ಅಂಗಡಿಗಾ? ಹೀರೋನಾ ನೀನು? ನಾನು ಕಳಿಸಿದ್ನಾ?"

"ಹೊಡೆಯೋಕೆ ಹೋಗಿರಲಿಲ್ಲ ಸಿಸ್ಟರ್. ಇನ್ಮೇಲೆ ತಂಗಿ ಮೇಲೆ ಕೈ ಮಾಡಬೇಡಿ ಅಂತ ಹೇಳೋಕೆ ಹೋದೆ. ಅಷ್ಟು ಹೇಳೋಕೆ ಮೂರು ದಿನ ಧೈರ್ಯ ಕೂಡಿಸಿದೆ." ಕೆಮ್ಮಿ ಪಕ್ಕೆ ಹಿಡಿದುಕೊಂಡ. "ಪೂರ್ತಿ ಹೇಳೋಕೂ ಆಗ್ಲಿಲ್ಲ."

"ಮತ್ತೆ ಮೆಟ್ಟಿಲು ಯಾಕೆ?"

"ನಿಜ ಬರೆದ್ರೆ ಸಂಜೆ ನೀವು ಮನೆಗೆ ಹೋಗ್ಬೇಕಲ್ಲ. ನಿಮ್ಮಣ್ಣ ಇರೋ ಮನೆಗೆ."

ಅವನ ಒಂದು ಕಣ್ಣು ಊದಿ ಮುಚ್ಚಿತ್ತು. ಇನ್ನೊಂದರಲ್ಲಿ ನಾನು ಹೆದರಿದ ಅಯ್ಯೋ ಪಾಪವನ್ನು ಹುಡುಕಿದೆ. ಇರಲಿಲ್ಲ. ನನ್ನ ಬಗ್ಗೆ ಚಿಂತೆ ಇತ್ತು, ತುಂಬ ನೋವಿತ್ತು, ಅಷ್ಟೇ.

ಅಷ್ಟರಲ್ಲಿ ಅಣ್ಣ ಬಂದ, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿದು, ಎಲ್ಲರಿಗೂ ನಮಸ್ಕಾರ ಹೇಳುತ್ತ. "ಪಾಪ, ನಮ್ಮ ಅಂಗಡಿ ಮೆಟ್ಟಿಲಲ್ಲಿ ಬಿದ್ಬಿಟ್ರು. ಹೇಗಿದ್ದಾರೆ ಈಗ?" ಆಮೇಲೆ ಮೇಜಿನ ಮೇಲೆ ಬಾಗಿ ನನಗೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ ಹೇಳಿದ. "ಬಿದ್ದ ಅಂತ ಬರಿ."

ನಾನು ನೀಲಿ ಪುಸ್ತಕ ಮುಚ್ಚಿದೆ. ಕೆಂಪು ಪುಸ್ತಕ ತೆರೆದೆ.

"ಏಯ್."

ಎಕ್ಸ್‌ರೇಯ ಹೆಸರು ಬರೆದೆ. ವಯಸ್ಸು ಮೂವತ್ತೊಂದು. ಗಾಯಕ್ಕೆ ಕಾರಣ, ಹೊಡೆತ. ಹೊಡೆದವರು ಎಂಬಲ್ಲಿಗೆ ಪೆನ್ನು ಬರುವಷ್ಟರಲ್ಲಿ ಅಣ್ಣ ನನ್ನ ಜಡೆ ಹಿಡಿದು ಎಳೆದ. ಕುರ್ಚಿ ಉರುಳಿತು. ಔಷಧಿಯ ಟ್ರೇ ನೆಲಕ್ಕೆ ಬಿದ್ದು ಬಾಟಲಿಗಳು ಒಡೆದವು. ಯಾರೋ ಕಿರುಚಿದರು. ಸ್ಟ್ರೆಚರ್‌ನಿಂದ ಎಕ್ಸ್‌ರೇ ಎದ್ದ, ಎರಡು ಹೆಜ್ಜೆ ಇಟ್ಟ, ಪಕ್ಕೆ ಹಿಡಿದು ಗಾಜಿನ ಚೂರುಗಳ ಮೇಲೇ ಮಂಡಿಯೂರಿದ.

"ಸಾಕಿದವನಿಗೇ ಕೇಸ್ ಹಾಕ್ತೀಯಾ!" ಅಣ್ಣನ ಮುಷ್ಟಿ ಬಂತು. ಮೊದಲ ಸಲ ಅದು ನನ್ನ ಮುಖದ ಕಡೆಗೇ ಬಂತು. ನನ್ನ ಎಡಗೈ ಹಳೆಯ ಅಭ್ಯಾಸದಂತೆ ತಾನಾಗಿಯೇ ಅಡ್ಡ ಎದ್ದಿತು. ಆದರೆ ಕೈ ಮೇಲೆ ಮೂರು ದಿನ ಒಣಗಿ ಕಲ್ಲಾಗಿದ್ದ ಪ್ಲಾಸ್ಟರ್ ಇತ್ತು.

ಟಕ್.

ನನ್ನ ಹೆಗಲವರೆಗೆ ನೋವು ಸಿಡಿಯಿತು, ಕಣ್ಣಿಗೆ ಕತ್ತಲೆ ಕವಿಯಿತು. ಕಣ್ಣು ಬಿಟ್ಟರೆ ಅಣ್ಣ ನೆಲದ ಮೇಲೆ ಕೂತು ಬಲಗೈ ಹಿಡಿದು ಅರಚುತ್ತಿದ್ದ. ಕಿರುಬೆರಳಿನ ಗೆಣ್ಣು ಒಳಕ್ಕೆ ಕುಸಿದಿತ್ತು. ಕಾವಲಿನವರು ಇಬ್ಬರು ಅವನ ಹೆಗಲು ಒತ್ತಿ ಹಿಡಿದರು. ನನಗೆ ಅಯ್ಯೋ ಅನ್ನಿಸಲಿಲ್ಲ. ಖುಷಿಯೂ ಆಗಲಿಲ್ಲ. ಕುರ್ಚಿ ಎತ್ತಿಟ್ಟು ಕೂತು ಪೆನ್ನು ಹುಡುಕಿದೆ.

"ಡಾಕ್ಟರ್, ಪೂರ್ತಿ ಮಾಡಲಾ?"

"ಬರೀರಿ," ಎಂದರು ಸದ್ದಿಗೆ ಓಡಿ ಬಂದಿದ್ದ ಡಾಕ್ಟರಮ್ಮ. "ನಾನು ಸಹಿ ಹಾಕ್ತೀನಿ."

ಎಕ್ಸ್‌ರೇಯ ಹಾಳೆಯಲ್ಲಿ ಅಣ್ಣನ ಹೆಸರು ಬರೆದೆ. ಅಣ್ಣನಿಗೂ ಒಂದು ಹಾಳೆ ತೆಗೆದೆ. ಗಾಯಕ್ಕೆ ಕಾರಣ, ತಂಗಿಗೆ ಹೊಡೆಯಲು ಹೋಗಿ. ಮೂರನೆಯದರಲ್ಲಿ ನನ್ನ ಹೆಸರು ಬರೆದುಕೊಂಡೆ. ಆ ಹಾಳೆಗೆ ಬಹಳ ಹೊತ್ತು ಹಿಡಿಯಿತು.

ಒಂದು ಗಂಟೆಯ ಮೇಲೆ ಪೊಲೀಸ್ ಇಲಾಖೆಯ ಹೆಂಗಸೊಬ್ಬರು ಬಂದರು. ಅಣ್ಣನನ್ನು ಅವರ ಜೊತೆಗಾರರು ಆಚೆ ಕರೆದುಕೊಂಡು ಹೋಗಿದ್ದರು. ಎಕ್ಸ್‌ರೇಗೆ ಹುಬ್ಬಿಗೆ ಏಳು ಹೊಲಿಗೆ, ಪಕ್ಕೆಗೆ ಪಟ್ಟಿ, ಮೂಗಿಗೆ ಹತ್ತಿ. ಪೊಲೀಸ್ ಹೆಂಗಸು ನನ್ನನ್ನು ಅವನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ ಕೇಳತೊಡಗಿದರು. ಯಾವಾಗಿನಿಂದ, ಯಾವುದರಿಂದ, ಎಲ್ಲೆಲ್ಲಿ. ಅವನು ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಗೊತ್ತಿದ್ದೂ ಎಲ್ಲ ಹೇಳಿದೆ. ಬೆಲ್ಟು, ಬಾಗಿಲ ಅಗುಳಿ, ಬಿಸಿ ಸೌಟು, ಕಬ್ಬಿಣದ ಪಟ್ಟಿ. ಗಂಟಲು ಒಣಗಿದಾಗ ಅವನು ತನ್ನ ನೀರಿನ ಲೋಟವನ್ನು ನನ್ನ ಕಡೆಗೆ ಸರಿಸಿದ.

"ಇವತ್ತು ರಾತ್ರಿ ಎಲ್ಲಿರ್ತೀರಮ್ಮ?" ಎಂದರು ಪೊಲೀಸ್ ಹೆಂಗಸು.

"ನರ್ಸ್‌ಗಳ ಹಾಸ್ಟೆಲಲ್ಲಿ. ಮಂಚ ಖಾಲಿ ಇದೆ, ಕೇಳಿದ್ದೀನಿ."

"ಸರಿ." ಅವರು ಹಾಳೆ ತಿರುಗಿಸಿ ಪೆನ್ನಿನ ತುದಿಯಿಂದ ಮಂಚದ ಕಡೆ ತೋರಿಸಿದರು. "ಇವರು ನಿಮಗೆ ಏನಾಗಬೇಕು?"

"ಸಹೋದ್ಯೋಗಿ," ಎಂದ ಎಕ್ಸ್‌ರೇ ಹತ್ತಿಯ ಒಳಗಿನಿಂದ, ಅವಸರವಾಗಿ. ನನ್ನ ಮೇಲೆ ಮಾತು ಬರಬಾರದು ಎಂದು.

ಅಂದು ನಾನು ಅಷ್ಟೆಲ್ಲ ನಿಜ ಹೇಳಿಯಾಗಿತ್ತು. ಇದೊಂದನ್ನು ಯಾಕೆ ಸುಳ್ಳು ಬರೆಸಬೇಕು?

"ಅಲ್ಲ," ಎಂದೆ. "ನಾನು ಮದುವೆಯಾಗೋ ಹುಡುಗ ಅಂತ ಬರ್ಕೊಳ್ಳಿ."

ಪೆನ್ನು ನಿಂತಿತು. ಪೊಲೀಸ್ ಹೆಂಗಸು ನನ್ನನ್ನು ನೋಡಿದರು, ಅವನನ್ನು ನೋಡಿದರು. "ಹುಡುಗನಿಗೆ ಈ ವಿಷಯ ಗೊತ್ತಿದ್ದ ಹಾಗೆ ಕಾಣಲ್ಲ."

"ಈಗ ಗೊತ್ತಾಯ್ತು. ಕೇಳ್ರಿ, ಒಪ್ಪಿಗೆನಾ ಅಂತ."

ಅವನು ಹೌದೆಂದು ತಲೆಯಾಡಿಸಿದ. ಅವರು ಬರೆದುಕೊಂಡು, ಪರದೆ ಎಳೆದು ಹೊರಗೆ ಹೋದರು.

ಮುಚ್ಚಿದ ಕಣ್ಣಿನಿಂದಲೂ ತೆರೆದ ಕಣ್ಣಿನಿಂದಲೂ ಅವನಿಗೆ ನೀರು ಇಳಿಯುತ್ತಿತ್ತು. ಮೂಗು ಮುರಿದವರು ಅಳಬಾರದು. ಒಳಗೆಲ್ಲ ಬಿಗಿದು ತಲೆ ಸಿಡಿಯುತ್ತದೆ.

"ಅಳಬೇಡ್ವೋ," ಎಂದೆ. "ನೋಯುತ್ತೆ."

"ನೋಯ್ಲಿ ಬಿಡೇ," ಎಂದ ಅವನು.