ಐದನೆಯ ಮೊದಲ ಪಾಠ

ಟೈಲರಮ್ಮನಿಗೆ ಕಂಪ್ಯೂಟರ್ ಹುಚ್ಚು ಹಿಡಿದದ್ದು ನಲವತ್ತೊಂದನೆಯ ವಯಸ್ಸಿಗೆ. ವಾರಕ್ಕೊಂದು ಸಂಜೆ, ಮಿಷನ್ ತುಳಿದು ಸೋತ ಕಾಲುಗಳನ್ನು ಎಳೆದುಕೊಂಡು ಗ್ರಂಥಾಲಯದ ಕಂಪ್ಯೂಟರ್ ಕೋಣೆಗೆ ಬರುವಳು. ಆಸೆ ದೊಡ್ಡದೇನಲ್ಲ. ಎದೆ, ಸೊಂಟ, ತೋಳಿನ ಅಳತೆ ಕೊಟ್ಟರೆ ಎಷ್ಟು ಬಟ್ಟೆ ಬೇಕೆಂದು ಹೇಳುವ ಒಂದು ಪ್ರೋಗ್ರಾಮ್, ಅದನ್ನು ತಾನೇ ಬರೆಯಬೇಕು.

"ನೆಟ್ಟಗೆ ಕೂತು ಉಣ್ಣೋಕೆ ಪುರುಸೊತ್ತಿಲ್ಲ, ಇದೊಂದು ಕೇಡು ನಿಂಗೆ" ಎಂದು ಅಕ್ಕ ಗೊಣಗಿದ್ದಳು.

ಆ ಕೋಣೆ ನೋಡಿಕೊಳ್ಳುವವನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಮಾತು ಕಡಿಮೆ, ಕಾಲರ್ ಸವೆದ ಶರ್ಟು, ಒಂಟಿ ಜೀವ. ಮೊದಲ ದಿನ ಅವನೇ ಹೇಳಿದ್ದ, "ಪೈಥಾನ್ ಅಂತ ಒಂದು ಕಂಪ್ಯೂಟರ್ ಭಾಷೆ ಇದೆ, ಅದನ್ನ ಕಲೀರಿ, ಹೊಸಬರಿಗೆ ಸುಲಭ." ಅವಳು ಒಂದು ಸಾಲು ಟೈಪ್ ಮಾಡಿದಳು. ಪರದೆಯ ಮೇಲೆ 'ನಮಸ್ಕಾರ' ಮೂಡಿತು. ಖುಷಿಯಿಂದ ನಕ್ಕು ಅವನತ್ತ ತಿರುಗಿದರೆ, ಪುಣ್ಯಾತ್ಮ ಕಿವಿಯವರೆಗೂ ಕೆಂಪಾಗಿ, ಧೂಳೇ ಇಲ್ಲದ ಕೀಬೋರ್ಡ್ ಒರೆಸುತ್ತ ಕೂತಿದ್ದ.

ಮುಂದಿನ ವಾರಕ್ಕೆ ರಾಗ ಬದಲಾಯಿತು. "ಜಾವಾಸ್ಕ್ರಿಪ್ಟ್ ಇನ್ನೂ ಒಳ್ಳೇದು, ಬ್ರೌಸರ್‌ನಲ್ಲೇ ಓಡುತ್ತೆ." ಆಮೇಲೆ ಜಾವಾ. ಆಮೇಲೆ ಸಿ, "ಬುನಾದಿ ಗಟ್ಟಿಯಾಗುತ್ತೆ." ಪ್ರತಿ ಸಲವೂ ಮೊದಲಿನಿಂದ, ಪ್ರತಿ ಸಲವೂ ಅದೇ 'ನಮಸ್ಕಾರ'. ಅದರಾಚೆ ಒಂದು ಹೆಜ್ಜೆಯಿಲ್ಲ.

ಐದನೆಯ ವಾರ ಅವಳು ಅರವತ್ತು ಯೂನಿಫಾರ್ಮ್ ಮುಗಿಸಿ ಬಂದಿದ್ದಳು. ಕತ್ತು ಹಿಡಿದಿತ್ತು, ಕಣ್ಣು ಉರಿಯುತ್ತಿತ್ತು.

"ಇವತ್ತು ರೂಬಿ ಅಂತ ಇನ್ನೊಂದು ಭಾಷೆ ನೋಡೋಣ್ವಾ?" ಎಂದ ಮೇಷ್ಟ್ರು.

ಅವಳು ಬ್ಯಾಗನ್ನು ಕೆಳಗಿಡಲೇ ಇಲ್ಲ.

"ವಾರವಾರ ಬರೀ ಅಳತೆ ತಗೊಂಡು ಕಳಿಸಿದ್ರೆ ನನ್ನ ಗಿರಾಕಿಗಳು ಮುಖಕ್ಕೆ ಉಗೀತಾರೆ ಮೇಷ್ಟ್ರೇ. ಕತ್ತರಿ ಹಾಕೋದು ಯಾವಾಗ?" ಅವಳು ಬ್ಯಾಗನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. "ನಿಮ್ಮ ತಪ್ಪಲ್ಲ ಬಿಡಿ. ನನ್ನ ತಲೆಗೇ ಹತ್ತಲ್ಲ, ಪಾಪ ಸುಲಭದ್ದು ಹುಡುಕಿ ಹುಡುಕಿ ನಿಮಗೂ ಸಾಕಾಗಿದೆ. ಇನ್ಮೇಲೆ ಬರಲ್ಲ."

ಅವಳು ಬಾಗಿಲು ಮುಟ್ಟುವಷ್ಟರಲ್ಲಿ ಹಿಂದಿನಿಂದ ಮಾತು ಬಂತು.

"ಪೈಥಾನೇ ಸಾಕಿತ್ತು."

ಅವಳು ತಿರುಗಿದಳು.

"ಮೊದಲನೇ ದಿನದ್ದೇ ಸಾಕಿತ್ತು. ನೀವು ಚುರುಕು. ಒಂದೆರಡು ತಿಂಗಳಲ್ಲಿ ಕಲಿತುಬಿಡ್ತಿದ್ರಿ." ಅವನು ನೆಲ ನೋಡುತ್ತ ಹೇಳಿದ. "ಕಲಿತ ಮೇಲೆ ಇಲ್ಲಿಗೆ ಯಾಕೆ ಬರ್ತೀರಿ ಅಂತ, ಮುಂದಕ್ಕೆ ಹೋಗೋಕೇ ಬಿಡ್ಲಿಲ್ಲ ನಾನು. ನೀವು ಬರೋ ದಿನಕ್ಕೆ ವಾರವೆಲ್ಲ ಕಾಯ್ತೀನಿ."

ಅವಳಿಗೆ ಮೊದಲು ಬಂದದ್ದು ಸಿಟ್ಟು.

"ಇಷ್ಟು ದಿನ ನಾನು ದಡ್ಡಿ ಅಂತ ಕೊರಗಿದೀನಿ, ಗೊತ್ತಾ ನಿಮಗೆ?"

"ತಪ್ಪಾಯ್ತು" ಎಂದ. 

ಬೈಯಬೇಕೆನಿಸಿತು, ಆದರೆ ನಿಲ್ಲುವುದಕ್ಕೂ ಕಾಲಲ್ಲಿ ಬಲವಿರಲಿಲ್ಲ. ಬಂದು ಕುರ್ಚಿಯಲ್ಲಿ ಕುಸಿದಳು. ಯಾರೋ ತನಗಾಗಿ ಕಾಯುತ್ತಾರೆಂಬ ಮಾತು ದಣಿದ ಮೈಗೆ ಬಿಸಿನೀರು ಸುರಿದಂತಿತ್ತು, ಅದು ಸುಳ್ಳಲ್ಲ. 

"ಪೈಥಾನ್ ತೆಗೀರಿ" ಎಂದಳು ಕೊನೆಗೆ. "ಇವತ್ತು ಅಳತೆ ಲೆಕ್ಕ ಹಾಕೋದೇ ಕಲಿಸ್ಬೇಕು."

"ಸರಿ" ಎಂದವನ ಮುಖ ಬಾಡಿತು. ಅವಳು ಕಲಿತು ಹೊರಟುಹೋಗುವ ಆ ಎರಡು ತಿಂಗಳು ಇಂದಿನಿಂದಲೇ ಶುರುವಾಗಿದ್ದವು.

ಅವಳು ಬ್ಯಾಗಿನಿಂದ ಟೇಪು ತೆಗೆದು ಎದ್ದಳು, ಕೀಬೋರ್ಡಿನ ಮುಂದೆ ಕೂತ ಅವನ ಹಿಂದೆ ಬಂದು ನಿಂತಳು.

"ಕಲಿತ ಮೇಲೂ ಬರ್ತೀರಾ ಅಂತ ಒಂದು ಮಾತು ಕೇಳಿದ್ದಿದ್ರೆ, ಬರ್ತೀನಿ ಅಂತ ಮೊದಲನೇ ವಾರವೇ ಹೇಳ್ತಿದ್ದೆ."

ಅವನು ಗಾಬರಿಯಿಂದ ತಿರುಗಲು ಹೋದ. ಅವಳು ಅವನ ಭುಜ ಹಿಡಿದು ನಿಲ್ಲಿಸಿದಳು.

"ಅಲ್ಲಾಡ್ಬೇಡಿ. ಈ ಹಳೇ ಕಾಲರ್ ನೋಡಿ ನೋಡಿ ನನಗೂ ಸಾಕಾಗಿದೆ" ಎಂದು ಭುಜದ ಅಗಲಕ್ಕೆ ಟೇಪು ಹಿಡಿದಳು. "ಹದಿನೆಂಟು. ಟೈಪ್ ಮಾಡಿ."