ಒಳಗೆ ನೋಡುವ ಗೊಂಬೆ

ಪೀಣ್ಯದಲ್ಲಿ ನಮ್ಮ ಹೊಸ ವರ್ಕ್‌ಶಾಪ್ ಮುಗಿದದ್ದು 2011ರಲ್ಲಿ. ನನ್ನ ಪಾಲುದಾರ ಸಂಗಣ್ಣ ಅದನ್ನು ನೋಡಲಿಲ್ಲ. ಪಾಯ ಹಾಕಿದ ತಿಂಗಳೇ ಎದೆನೋವಿನಿಂದ ಹೋಗಿಬಿಟ್ಟ. ರಾಜಗೋಪಾಲನಗರದ ಬಾಡಿಗೆ ಶೆಡ್ಡಿನಲ್ಲಿ ನಮಗಿದ್ದದ್ದು ಕಬ್ಬಿಣ ಕಡೆಯುವ ಒಂದೇ ಹಳೇ ಲೇತ್. ಅದಕ್ಕೆ ನಾನು ಕೈ ಹಾಕಿದರೆ ಅವನಿಗೆ ಹೊಟ್ಟೆ ಉರಿಯುತ್ತಿತ್ತು. "ಹೊಸಾದು ಬಂದ್ರ ಮೊದಲ ಕೈ ನಂದು. ನೀ ಮುಟ್ಟಿದ್ರ ನೋಡ ಮತ್ತ," ಎಂದು ನಗುನಗುತ್ತಲೇ ಹೇಳುತ್ತಿದ್ದ.

ಪೂಜೆಯ ದಿನ ಬಾಗಿಲ ಮೇಲೆ ದೃಷ್ಟಿ ಗೊಂಬೆಯನ್ನು ರಸ್ತೆಗೆ ಮುಖ ಮಾಡಿ ತಂತಿಯಿಂದ ಬಿಗಿದೆ. ಮಂಗಳಾರತಿಯ ಹೊತ್ತಿಗೆ ಅದು ಒಳಗೆ ತಿರುಗಿತ್ತು. ಮತ್ತೆ ಬಿಗಿದೆ. ಊಟಕ್ಕೆ ಕೂರುವಷ್ಟರಲ್ಲಿ ಮತ್ತೆ ಒಳಗೆ.

ಬಡಿಸುತ್ತಿದ್ದ ನನ್ನ ಹೆಂಡತಿ ಸುಮಂಗಲಾ ಹಾಗೇ ನಿಂತಳು. "ಹೊರಗಿನವರ ಕಣ್ಣು ಬೀಳಬಾರದಂತ ಕಟ್ಟೋದು. ಇದು ಒಳಗ ಯಾರನ್ನ ನೋಡಾಕತ್ತೈತ್ರೀ?"

"ಗಾಳಿಗೆ ತಿರುಗಿರುತ್ತೆ ಬಿಡಿ ಅಕ್ಕ," ಎಂದ ಎಲೆಕ್ಟ್ರಿಷಿಯನ್ ಮಲ್ಲಿಕ್.

ಗೊಂಬೆಯ ನೇರಕ್ಕೆ ಇದ್ದದ್ದು ಹೊಸ ಲೇತ್. ಅದಕ್ಕಿನ್ನೂ ಕರೆಂಟ್ ಕೊಟ್ಟಿರಲಿಲ್ಲ. ಹತ್ತಿರ ಹೋದೆ. ಸಂಗಣ್ಣ ಸದಾ ಜಗಿಯುತ್ತಿದ್ದ ಲವಂಗದ ವಾಸನೆ ಬಂತು. ಹ್ಯಾಂಡಲ್ ಮುಟ್ಟಿದರೆ, ಯಾರೋ ಈಗಷ್ಟೇ ಕೈ ತೆಗೆದಂತೆ ಬೆಚ್ಚಗಿತ್ತು.

ಮಲ್ಲಿಕ್‌ನನ್ನು ಕರೆದು ಮುಟ್ಟಿಸಿದೆ. "ತಣ್ಣಗೇ ಇದೆಯಲ್ಲ ಅಣ್ಣ," ಎಂದ.

ಇವತ್ತಿಗೂ ಆ ಲೇತನ್ನು ಕೆಲಸದವರೆಲ್ಲ ಸಲೀಸಾಗಿ ಓಡಿಸುತ್ತಾರೆ. ನಾನು ಹಿಡಿದರೆ ಮಾತ್ರ ಹ್ಯಾಂಡಲ್ ಬೆಚ್ಚಗಿರುತ್ತದೆ. ಆಮೇಲೆ ಅದು ಒಂದು ಸುತ್ತೂ ತಿರುಗುವುದಿಲ್ಲ, ಆ ಕಡೆಯಿಂದ ಇನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡಂತೆ.