ಕಲೆ ತೆಗೆಯುವ ಲೋಟ

ಕಬ್ಬಿಣದ ಸರಳು ನನ್ನ ಕಿವಿಯ ಪಕ್ಕದಲ್ಲೇ ಬೀಸಿ ಹೋಯಿತು!

ಬಗ್ಗಿದೆ. ಹಿಂದಿದ್ದ ಬಣ್ಣದ ತೊಟ್ಟಿ ಠಣ್ ಎಂದಿತು.

"ಓಗಕ್ಕಾ! ಇದು ನಮ್ಮನೆ ವಿಷ್ಯ!"

ಕೂಗಿದವನು ಸೆಲ್ವಂ. ನೇಕಾರರ ಹುಡುಗ, ನೂಲಿಗೆ ಬಣ್ಣ ಹಾಕುವವನು. ಗುರಿಯಿಲ್ಲದೆ ಬೀಸುತ್ತಿದ್ದ. ಅಂಥ ಸರಳು ಎಲ್ಲಿ ಬೀಳುತ್ತದೋ ಯಾರಿಗೆ ಗೊತ್ತು? ನನಗೆ ನಿಜವಾಗಿಯೂ ಭಯವಾಯಿತು.

ನಾನು ಮೇನಕಾ. ಸೇಲಂನಲ್ಲಿ ಮದುವೆಗೆ ಮುಂಚೆ ಗಂಡು-ಹೆಣ್ಣಿನ ಗುಟ್ಟು ಕೆದಕುವ ಡಿಟೆಕ್ಟಿವ್. ಮಗಳಿಗೆ ನೋಡಿದ್ದ ಗಂಡಿನ ವಿಚಾರಣೆಗೆ ನನ್ನನ್ನು ಗೊತ್ತುಮಾಡಿದ್ದ ಅವನ ತಾಯಿ ಮಂಗಮ್ಮ ಅಳುತ್ತಾ ಫೋನ್ ಮಾಡಿದ್ದಳು. "ನನ್ ಮಗ ತಂಗೀನ ಶೆಡ್ಡಿಗೆ ಎಳ್ಕೊಂಡೋದ. ಆಸ್ಪತ್ರೆ ಕ್ಯಾಂಪ್ ಟೆಸ್ಟಲ್ಲಿ ಏನೋ ಬಂದೈತೆ. ಮದ್ದು ಕುಡಿಸ್ತಾನಂತೆ. ಬೇಗ ಓಗಮ್ಮಾ!"

ಸ್ಕೂಟರ್ ಹತ್ತಿದೆ. ಸಿಗ್ನಲ್ ಹಾರಿಸಿದೆ. ಟೆಸ್ಟ್ ಮಾಡಿದ ಡಾಕ್ಟರಿಗೆ ದಾರಿಯಲ್ಲೇ ಫೋನ್ ಹಚ್ಚಿದೆ.

ಶೆಡ್ಡಿನ ಮೂಲೆಯಲ್ಲಿ ತಂಗಿ ಪೂಂಗೊಡಿ. ಇಪ್ಪತ್ತೆರಡು ವಯಸ್ಸು. ಕೈಯಲ್ಲಿ ಸ್ಟೀಲ್ ಲೋಟ. ಅದರಿಂದ ಬ್ಲೀಚಿಂಗ್ ಪೌಡರ್ ವಾಸನೆ!

"ಕೆಳಗಿಡು, ಪೂಂಗೊಡಿ!"

"ಮೈಯೊಳ್ಗೆ ಎಚ್‌ಪಿವಿ ವೈರಸ್ ಐತಕ್ಕಾ..." ಅವಳ ಹಲ್ಲು ಕಟಕಟ ಎನ್ನುತ್ತಿತ್ತು. "ಗರ್ಭಕೋಶದ್ ಬಾಯಿಗೆ ಕ್ಯಾನ್ಸರ್ ಬರ್ತದಂತೆ."

"ನೂಲಿನ್ ಕಲೆ ಇದ್ರಲ್ಲೇ ಓಗೋದು," ಸೆಲ್ವಂ ಅಂದ. "ಇದೂ ಓಗ್ತದೆ!"

"ಡಾಕ್ಟರಮ್ಮ ಏನಂದ್ರು ಕೇಳು! ಆ ವೈರಸ್ ಚರ್ಮದ ಪದರದಲ್ಲೇ ಅಡಗಿರ್ತದೆ. ರಕ್ತಕ್ಕೆ ಇಳಿಯಲ್ಲ. ಅದಕ್ಕೇ ಮೈಗೆ ಅದರ ಸುಳಿವು ಲೇಟಾಗಿ ಸಿಗ್ತದೆ. ಸಿಕ್ಕಿದ್ಮೇಲೆ ಮೈ ಅದನ್ನ ಸುಮ್ನೆ ಬಿಡಲ್ಲ! ಈ ವಯಸ್ಸಲ್ಲಿ ತುಂಬಾ ಜನಕ್ಕೆ ಒಂದೆರಡು ವರ್ಷದಲ್ಲಿ ಮೈಯೇ ಅದನ್ನ ಓಡಿಸ್ತದೆ. ಓಡಿಸದಿದ್ರೆ ಡಾಕ್ಟರ್ ಇದ್ದಾರೆ. ಟೆಸ್ಟ್ ಮಾತ್ರ ತಪ್ಪಿಸಬಾರದು."

"ಸುಳ್ಳು! ಎಲ್ಲಾ ಪೊಯ್!"

ಸರಳು ಮತ್ತೆ ಮೇಲೆದ್ದಿತು. ಪೂಂಗೊಡಿ ಕಣ್ಣು ಮುಚ್ಚಿ ಲೋಟವನ್ನು ತುಟಿಗೆ ತಂದಳು!

ಹೇಗೋ ಮಾತು ಹೊರಬಿತ್ತು.

"ಸೆಲ್ವಂ! ಅದ್ರಲ್ಲಿ ರೇಷ್ಮೆ ಅದ್ದುತ್ತೀಯಾ?"

"ರೇಷ್ಮೇನಾ? ತಲೆ ಕೆಟ್ಟೋಯ್ತಾ ನಿಂಗೆ? ಕರಗೋಗ್ತದೆ! ಅದು ಬರೀ ಹತ್ತಿ ನೂಲಿಗೆ..."

"ನಿನ್ ತಂಗಿ ಹತ್ತಿ ನೂಲಾ?"

ಅವನು ತಂಗಿಯತ್ತ ತಿರುಗಿದ. ಸರಳು ಕೈಜಾರಿತು.

ಅವನೇ ಹಾರಿ ಲೋಟ ತಟ್ಟಿ ಬೀಳಿಸಿದ! ತಂಗಿಯ ಕಾಲ ಬಳಿ ಕುಸಿದು ಗೊಳೋ ಅಂತ ಅತ್ತ.

ಮುಂದಿನ ವರ್ಷದ ಟೆಸ್ಟ್... ನೆಗೆಟಿವ್! ವೈರಸ್ಸನ್ನು ಪೂಂಗೊಡಿಯ ಮೈಯೇ ಓಡಿಸಿತ್ತು, ಸದ್ದಿಲ್ಲದೆ.

ನಾನು ತಡೆದದ್ದು ಅವಳ ಅಣ್ಣನ ಪ್ರೀತಿಯನ್ನು. ನಿಜ ಹೇಳಲಾ? ವೈರಸ್ಸಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಅದೇ!